ಲೇಸರ್ ಮಾಡಿಸಿದರೆ ಮೆಳ್ಳಗಣ್ಣು ನೆಟ್ಟಗಾಗುತ್ತಾ? ಮೊದಲು ಚಷ್ಮಾ ಹಾಕಿ ಕನ್ನಡಿ ನೋಡಿ

ಗಂಗಾವತಿಯಲ್ಲಿ ನಮ್ಮದೊಂದು ಚಷ್ಮಾ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು. ಈಗ ಗಲ್ಲಾದ ಮುಂದೆಯೂ ನಾನೇ, ನಂಬರ್ ಚೆಕ್ ಮಾಡುವ ಕುರ್ಚಿಯ ಪಕ್ಕದಲ್ಲೂ ನಾನೇ. ತಿಂಗಳಿಗೆ ಮೂರ್ನಾಲ್ಕು ಜನರಾದರೂ ಫ್ರೇಮ್ ನೋಡುವ ನೆಪದಲ್ಲಿ ಬಂದು, ಬೇರೆ ಗಿರಾಕಿ ಹೋಗುವವರೆಗೂ ಕಾದು, ಸಣ್ಣ ದನಿಯಲ್ಲಿ ಕೇಳುತ್ತಾರೆ: "ಅಕ್ಕಾರ, ಲೇಸರ್ ಮಾಡಿಸಿದ್ರ ಮೆಳ್ಳಗಣ್ಣು ನೆಟ್ಟಗಾಗ್ತೈತೇನ್ರಿ?" ಹೆಚ್ಚಿನವರಿಗೆ ಮನೆಯಲ್ಲಿ ವರನನ್ನೋ ಕನ್ಯೆಯನ್ನೋ ನೋಡುತ್ತಿರುತ್ತಾರೆ.

ನಾನು ವಾಪಸ್ ಕೇಳುವುದು ಒಂದೇ ಮಾತು. "ಚಷ್ಮಾ ಹಾಕಿಕೊಂಡಾಗ ಕಣ್ಣು ನೆಟ್ಟಗಿರ್ತಾವಾ?"

ಹೌದು ಅಂದರೆ ಕೂತು ಮಾತಾಡಬಹುದು. ಇಲ್ಲ ಅಂದರೆ ಲೇಸರಿಗೆ ದುಡ್ಡು ಕೂಡಿಡುವುದನ್ನು ಬಿಟ್ಟು, ಸ್ನಾಯುವಿನ ಆಪರೇಷನ್ ಮಾಡುವ ಡಾಕ್ಟರ ಹತ್ತಿರ ಹೋಗಬೇಕು. ಯಾಕೆಂದರೆ ಲೇಸರ್ ಅಂದರೆ ಕಣ್ಣಿನ ಮೇಲೇ ಕೆತ್ತಿದ ಚಷ್ಮಾ, ಅಷ್ಟೇ. ಚಷ್ಮಾ ಮಾಡುವ ಕೆಲಸ ಅದು ಮಾಡುತ್ತದೆ. ಚಷ್ಮಾ ಕೈಯಲ್ಲಿ ಆಗದ್ದು ಅದರ ಕೈಯಲ್ಲೂ ಆಗುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾನೇ ಮೆಳ್ಳಗಣ್ಣಿನವಳು. ನಾಲ್ಕನೇ ವರ್ಷಕ್ಕೇ ಚಷ್ಮಾ ಬಂತು. ಹಾಕಿಕೊಂಡರೆ ಕಣ್ಣು ನೆಟ್ಟಗೆ, ತೆಗೆದರೆ ಬಲಗಣ್ಣು ಮೂಗಿನ ಕಡೆ. ಅಜ್ಜಿ "ಅದೃಷ್ಟದ ಕಣ್ಣು, ಮುಟ್ಟಬ್ಯಾಡ್ರಿ" ಅನ್ನುತ್ತಿದ್ದಳು. 25ಕ್ಕೆ ಮದುವೆ ಮಾತು ಶುರುವಾಯಿತು. ಸ್ಟುಡಿಯೋದ ಹುಡುಗ "ಚಷ್ಮಾ ತಗೀರಿ, ಗ್ಲಾಸ್ ಹೊಳೀತೈತಿ" ಅಂದ. ತೆಗೆದೆ. ಎರಡು ದಿನ ಬಿಟ್ಟು ಫೋಟೋ ಬಂತು. ಅವ್ವ ಕವರಿನಿಂದ ಅರ್ಧ ಎಳೆದು ನೋಡಿದಳು, ಮತ್ತೆ ಒಳಗೆ ತುರುಕಿ ದೇವರ ಜಗಲಿಯ ಕೆಳಗಿನ ಡಬ್ಬಿಯಲ್ಲಿಟ್ಟಳು. ಏನೂ ಅನ್ನಲಿಲ್ಲ. ನನ್ನ ಲೇಸರ್ ಹುಡುಕಾಟ ಶುರುವಾಗಿದ್ದು ಅವತ್ತು.

ನಂಬರಿಗೂ ಮೆಳ್ಳಗಣ್ಣಿಗೂ ಏನು ಸಂಬಂಧ

ಮನೆಯಲ್ಲಿ ಯಾರಾದರೂ ಸೂಜಿಗೆ ದಾರ ಪೋಣಿಸುವಾಗ ಅವರ ಕಣ್ಣು ನೋಡಿ. ಎರಡೂ ಮೂಗಿನ ಕಡೆ ತಿರುಗಿರುತ್ತವೆ. ಹತ್ತಿರದ್ದು ನೋಡಬೇಕಾದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಕಣ್ಣೊಳಗಿನ ಮಸೂರ ಉಬ್ಬುತ್ತದೆ, ಕಣ್ಣುಗುಡ್ಡೆಗಳು ಒಳಗೆ ತಿರುಗುತ್ತವೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಿದ್ದಂತೆ, ಒಂದು ಹೆಜ್ಜೆ ಹಾಕಿದರೆ ಇನ್ನೊಂದೂ ಹಾಕಲೇಬೇಕು.

ಪ್ಲಸ್ ನಂಬರ್ ಇರುವವರ ಕಣ್ಣು ದೂರದ್ದು ನೋಡುವುದಕ್ಕೂ ಮಸೂರ ಉಬ್ಬಿಸಬೇಕು. ಅದರ ಜೊತೆಗೆ ಒಳಗೆ ತಿರುಗುವ ಎಳೆತವೂ ಬರುತ್ತದೆ. ಕೆಲವರು ತಡೆದುಕೊಳ್ಳುತ್ತಾರೆ, ಕೆಲವರಲ್ಲಿ ಒಂದು ಕಣ್ಣು ಸೋತು ಮೂಗಿನ ಕಡೆ ಹೋಗುತ್ತದೆ. ಹಾಲೆಂಡಿನ ಡಾಕ್ಟರ್ ಡಾಂಡರ್ಸ್ 1864ರಲ್ಲೇ ಇದನ್ನು ಬಿಡಿಸಿ ಬರೆದಿಟ್ಟಿದ್ದಾರೆ. ಪ್ಲಸ್ ಚಷ್ಮಾ ಹಾಕಿದರೆ ಮಸೂರಕ್ಕೆ ಆ ಕೆಲಸ ತಪ್ಪುತ್ತದೆ, ಎಳೆತ ನಿಲ್ಲುತ್ತದೆ, ಕಣ್ಣು ತಾನೇ ನೆಟ್ಟಗಾಗುತ್ತದೆ. ಲೇಸರಿನಿಂದ ನೆಟ್ಟಗಾಗಬಹುದಾದ ಮೆಳ್ಳಗಣ್ಣು ಮುಖ್ಯವಾಗಿ ಈ ಜಾತಿಯದ್ದು.

ಸ್ವಲ್ಪ ಲೆಕ್ಕ ಹಾಕೋಣ. ಕಣ್ಣು ಎಷ್ಟು ಸರಿದಿದೆ ಅನ್ನುವುದನ್ನು ಡಾಕ್ಟರು ಪ್ರಿಸಂ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಸಾಮಾನ್ಯ ಜನರಲ್ಲಿ ಮಸೂರ ಒಂದು ನಂಬರಿನಷ್ಟು ಉಬ್ಬಿದರೆ 3ರಿಂದ 5 ಪ್ರಿಸಂ ಒಳಗೆಳೆತ ಬರುತ್ತದೆ. ಪ್ಲಸ್ 4 ನಂಬರಿನವರು ಚಷ್ಮಾ ಇಲ್ಲದೆ ದೂರ ನೋಡಿದರೆ ಎಳೆತ ಹೆಚ್ಚುಕಡಿಮೆ 16 ಪ್ರಿಸಂ ಅಂತಿಟ್ಟುಕೊಳ್ಳಿ. ಅವರ ಕಣ್ಣು 16 ಪ್ರಿಸಂ ಆಸುಪಾಸಿನಲ್ಲೇ ಸರಿದಿದ್ದರೆ ಸರಿ, ನಂಬರ್ ತೆಗೆದರೆ ಮೆಳ್ಳಗಣ್ಣೂ ಹೋಗುತ್ತದೆ. 40 ಸರಿದಿದ್ದರೆ? ಉಳಿದ 24 ಎಲ್ಲಿಗೂ ಹೋಗುವುದಿಲ್ಲ, ಅದು ಸ್ನಾಯುವಿನ ಬಾಬ್ತು. ನಿಜವಾದ ಕಣ್ಣು ಇಷ್ಟು ಚೊಕ್ಕಟ ಲೆಕ್ಕಕ್ಕೆ ಸಿಗುವುದಿಲ್ಲ ಬಿಡಿ, ಆದರೆ ಯಾಕೆ ಕೆಲವರಿಗೆ ಆಗುತ್ತೆ ಕೆಲವರಿಗೆ ಆಗಲ್ಲ ಅನ್ನೋದು ಇದರಿಂದ ತಿಳಿಯುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಇದಕ್ಕೆ ಒಂದು ಮೊಬೈಲ್ ಮತ್ತು ಇನ್ನೊಬ್ಬ ಮನುಷ್ಯ ಬೇಕು. ಸ್ವಂತ ಸೆಲ್ಫಿ ಬೇಡ, ಅದರಲ್ಲಿ ನೀವು ಲೈಟ್ ಬಿಟ್ಟು ಪರದೆ ನೋಡುತ್ತೀರಿ.

ಮಂದ ಬೆಳಕಿನ ಕೋಣೆಯಲ್ಲಿ ಕೂತುಕೊಳ್ಳಿ. ಎದುರಿನವರು ಒಂದು ಮಾರು ದೂರದಿಂದ ಫ್ಲ್ಯಾಶ್ ಹಾಕಿ ಫೋಟೋ ತೆಗೆಯಲಿ. ನೀವು ನೇರ ಫ್ಲ್ಯಾಶನ್ನೇ ನೋಡಬೇಕು. ಮೊದಲು ಚಷ್ಮಾ ಹಾಕಿ, ಆಮೇಲೆ ತೆಗೆದು ಐದು ನಿಮಿಷ ಬಿಟ್ಟು. ಈಗ ಫೋಟೋ ದೊಡ್ಡದು ಮಾಡಿ ಎರಡೂ ಕಣ್ಣಿನ ಪಾಪೆಯಲ್ಲಿ ಬಿಳಿ ಚುಕ್ಕೆ ಎಲ್ಲಿ ಬಿದ್ದಿದೆ ನೋಡಿ. ಎರಡರಲ್ಲೂ ನಡುವೆ ಇದ್ದರೆ, ಅಥವಾ ಎರಡರಲ್ಲೂ ಒಂದೇ ಥರ ಸ್ವಲ್ಪ ಮೂಗಿನ ಕಡೆ ಇದ್ದರೆ, ಕಣ್ಣು ನೆಟ್ಟಗಿದೆ. ಒಂದರಲ್ಲಿ ಚುಕ್ಕೆ ಕಿವಿಯ ಕಡೆ ಜಾರಿದ್ದರೆ ಆ ಕಣ್ಣು ಒಳಗೆ ತಿರುಗಿದೆ. ಮೂಗಿನ ಕಡೆ ಜಾಸ್ತಿ ಜಾರಿದ್ದರೆ ಹೊರಗೆ ತಿರುಗಿದೆ.

ಎರಡನೆಯದ್ದನ್ನು ಯಾರೂ ಮಾಡುವುದಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ಚಷ್ಮಾ ಹಾಕಿಕೊಂಡೇ ಗೋಡೆಯ ಕ್ಯಾಲೆಂಡರ್ ಕೈಯಲ್ಲಿ ಹಿಡಿದು, ತಾರೀಖಿನ ಕೆಳಗೆ ಇರುವೆ ಸಾಲಿನ ಹಾಗೆ ಇರುತ್ತದಲ್ಲ ತಿಥಿ ನಕ್ಷತ್ರ, ಅದನ್ನು ಎರಡು ನಿಮಿಷ ಓದಿ. ಓದುವಾಗ ಎದುರಿನವರು ನಿಮ್ಮ ಕಣ್ಣು ಗಮನಿಸಲಿ. ದೂರಕ್ಕೆ ನೆಟ್ಟಗಿದ್ದು ಓದುವಾಗ ಮಾತ್ರ ಒಂದು ಕಣ್ಣು ಒಳಗೆ ಓಡಿದರೆ, ನಿಮ್ಮ ನೊಗ ಸ್ವಲ್ಪ ಬಿಗಿ ಅಂತರ್ಥ, ಕಡಿಮೆ ಶ್ರಮಕ್ಕೇ ಜಾಸ್ತಿ ಎಳೆತ. ಇಂಥವರಿಗೆ ಚಿಕ್ಕಂದಿನಲ್ಲೇ ಬೈಫೋಕಲ್, ಅಂದರೆ ಮೇಲೆ ದೂರಕ್ಕೆ ಕೆಳಗೆ ಓದುವುದಕ್ಕೆ ಎರಡು ನಂಬರಿನ ಗ್ಲಾಸ್, ಕೊಟ್ಟಿರುತ್ತಾರೆ. ಲೇಸರಿನಿಂದ ಕಣ್ಣಿಗೆ ಬೈಫೋಕಲ್ ಕೂರಿಸಿ ಈ ಎಳೆತ ನಿಲ್ಲಿಸಬಹುದು ಅಂತ ನಂಬಬೇಡಿ.

ಚಷ್ಮಾ ಹಾಕಿದಾಗಲೂ ಸ್ವಲ್ಪ ಸರಿದಿದ್ದರೆ ನೀವು ನಡುವಿನವರು. ಒಂದಷ್ಟು ನಂಬರಿನದು, ಒಂದಷ್ಟು ಸ್ನಾಯುವಿನದು. ಇಂಥವರಿಗೆ ಲೇಸರ್ ಮಾಡಿದರೆ ಚಷ್ಮಾ ಹಾಕಿದಾಗ ಹೇಗಿತ್ತೋ ಹಾಗೆ ಉಳಿಯುತ್ತದೆ. ಅದು ಸಾಕಾ, ಸಾಲದಾ, ನೀವೇ ಹೇಳಬೇಕು.

ಯಾರು ಲೇಸರಿನ ಕಡೆ ತಲೆ ಹಾಕಬಾರದು

ಮೊದಲು ಮಕ್ಕಳು. 18 ತುಂಬುವ ಮೊದಲು ಈ ಮಾತು ಎತ್ತಲೇಬೇಡಿ. ಕಣ್ಣು ಬೆಳೆಯುತ್ತಿರುತ್ತದೆ, ನಂಬರ್ ಬದಲಾಗುತ್ತಿರುತ್ತದೆ. 18 ದಾಟಿದ ಮೇಲೂ ಒಂದು ವರ್ಷವಾದರೂ ನಂಬರ್ ನಿಂತಲ್ಲೇ ನಿಂತಿರಬೇಕು.

ಚಷ್ಮಾ ಚೀಟಿಯಲ್ಲಿ ಪ್ರಿಸಂ ಅಂತ ಬರೆದಿದ್ದರೆ ಹುಷಾರು. ಪ್ರಿಸಂ ಗ್ಲಾಸ್ ಬೆಳಕನ್ನು ಪಕ್ಕಕ್ಕೆ ತಳ್ಳಿ ಎರಡು ಕಾಣುವುದನ್ನು ಒಂದು ಮಾಡುತ್ತಿರುತ್ತದೆ. ಲೇಸರ್ ನಂಬರನ್ನು ಮಾತ್ರ ತೆಗೆಯುತ್ತದೆ, ಪ್ರಿಸಂ ಕೆಲಸ ಮಾಡುವುದಿಲ್ಲ. ಚಷ್ಮಾ ಎಸೆದ ಮರುದಿನ ಎರಡೆರಡು ಬೈಕ್ ಎದುರಿಗೆ ಬಂದರೆ ಯಾವುದಕ್ಕೆ ದಾರಿ ಬಿಡುತ್ತೀರಿ? ಕೆಲವು ಹಳೆಯ ಚಷ್ಮಾಗಳಲ್ಲಿ ಪ್ರಿಸಂ ಇರುವುದು ಹಾಕಿಕೊಂಡವರಿಗೇ ಗೊತ್ತಿರುವುದಿಲ್ಲ. ಯಾವುದಾದರೂ ಚಷ್ಮಾ ಅಂಗಡಿಯಲ್ಲಿ ಗ್ಲಾಸಿನ ನಂಬರ್ ತೋರಿಸುವ ಲೆನ್ಸೋಮೀಟರ್ ಮಿಷಿನ್ನಿಗೆ ಇಟ್ಟು ನೋಡಿಸಿ, ಎರಡು ನಿಮಿಷದ ಕೆಲಸ.

ಒಂದು ಕಣ್ಣು ಚಿಕ್ಕಂದಿನಿಂದಲೇ ಮಂದವಾಗಿರುವವರಿದ್ದಾರೆ, ಸೋಮಾರಿ ಕಣ್ಣು ಅಂತಾರಲ್ಲ ಅದು. ಸರಿಯಾದ ಗ್ಲಾಸ್ ಹಾಕಿದರೂ ಆ ಕಣ್ಣಿಗೆ ಕೆಳಗಿನ ಸಾಲು ಕಾಣುವುದಿಲ್ಲ. ಲೇಸರ್ ಅದನ್ನು ಚುರುಕು ಮಾಡುವುದಿಲ್ಲ. ಇನ್ನೊಂದು ವಿಷಯ, ಚೆನ್ನಾಗಿ ಕಾಣುವುದು ಒಂದೇ ಕಣ್ಣಾದರೆ ಅದರ ಮೇಲೆ ಬೇಕಿಲ್ಲದ ಆಪರೇಷನ್ ಮಾಡಲು ಒಳ್ಳೆ ಡಾಕ್ಟರು ಹಿಂದೆ ಮುಂದೆ ನೋಡುತ್ತಾರೆ. ಹಾಗೆ ಹಿಂಜರಿದವರನ್ನು ನಂಬಿ.

ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ತೆಳ್ಳಗಿರುವವರು, ಕಾರ್ನಿಯಾ ಶಂಕುವಿನ ಹಾಗೆ ಮುಂದೆ ಬರುವ ಕಾಯಿಲೆ ಇರುವವರು, ಕಣ್ಣು ತುಂಬಾ ಒಣಗುವವರು, ಗರ್ಭಿಣಿಯರು, ಹಾಲುಣಿಸುವವರು, ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರು, ಇವರಿಗೂ ಬೇಡ ಅನ್ನುತ್ತಾರೆ. ಮೊಡವೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದರಲ್ಲಿ ಕೆಲವು ಕಣ್ಣು ಒಣಗಿಸುತ್ತವೆ.

ಇನ್ನು ಹೊರಗೆ ಸರಿಯುವ ಕಣ್ಣು. ಮೈನಸ್ ನಂಬರಿನ ಕೆಲವರಲ್ಲಿ ಚಷ್ಮಾ ಇಲ್ಲದಾಗ ಕಣ್ಣು ಹೊರಗೆ ತೇಲುತ್ತದೆ, ಚಷ್ಮಾ ಹಾಕಿದರೆ ಹಿಡಿತಕ್ಕೆ ಬರುತ್ತದೆ. ಅವರಿಗೆ ಲೇಸರಿನಿಂದ ಒಂದಷ್ಟು ಲಾಭ ಆಗಬಹುದು. ಪ್ಲಸ್ ನಂಬರ್ ಇದ್ದು ಕಣ್ಣು ಹೊರಗೆ ಹೋಗುವವರಿಗೆ ಮಾತ್ರ ಉಲ್ಟಾ ಆಗುವ ಸಾಧ್ಯತೆ ಇದೆ. ಶ್ರಮಪಟ್ಟು ಒಳಗೆ ಎಳೆದುಕೊಂಡಿದ್ದ ಕಣ್ಣನ್ನು ಲೇಸರ್ ಸಡಿಲ ಬಿಟ್ಟಂತಾಗುತ್ತದೆ.

ಡ್ರಾಪ್ಸ್ ಹಾಕದೆ ನಂಬರ್ ತೆಗೆದರೆ ಎದ್ದು ಬನ್ನಿ

ಇಲ್ಲಿ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾನೇ ಎಡವುತ್ತಿದ್ದೆ.

ಮೊದಲು ಹೋದ ಒಂದು ಆಸ್ಪತ್ರೆಯಲ್ಲಿ, ಯಾವ ಊರು ಯಾವ ಹೆಸರು ಅಂತ ಕೇಳಬೇಡಿ, ಎ.ಸಿ. ಹಾಲ್, ಗೋಡೆ ತುಂಬಾ ಚಷ್ಮಾ ಇಲ್ಲದ ನಗುಮುಖಗಳ ಪೋಸ್ಟರ್. ಮಿಷಿನ್ ಮುಂದೆ ಕೂರಿಸಿ ಹತ್ತು ನಿಮಿಷದಲ್ಲಿ ಪ್ಲಸ್ 2 ಅಂದರು. ಕೌಂಟರಿನ ಹುಡುಗಿ ಆಗಲೇ ಪ್ಯಾಕೇಜ್ ಚೀಟಿ ಬರೆಯುತ್ತಿದ್ದಳು. "ಮೆಳ್ಳಗಣ್ಣೂ ಹೋಗುತ್ತಾ?" ಅಂತ ಕೇಳಿದರೆ "ಎಲ್ಲಾ ಸರಿ ಹೋಗುತ್ತೆ ಮೇಡಂ" ಅಂದರು. ನನ್ನ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಕಣ್ಣು ಎತ್ತ ಓಡುತ್ತದೆ ಅಂತ ಕೂಡ ಯಾರೂ ನೋಡಿರಲಿಲ್ಲ.

ನಾನು ಚಷ್ಮಾ ಅಂಗಡಿಯವಳು ಆಗಿದ್ದಕ್ಕೆ ಬಚಾವ್. ಪ್ಲಸ್ ನಂಬರಿನ ಕಣ್ಣು ಕಳ್ಳ. ಇಡೀ ಜೀವನ ಮಸೂರ ಉಬ್ಬಿಸಿ ರೂಢಿಯಾಗಿ, ಬಿಡು ಅಂದರೂ ಬಿಡುವುದಿಲ್ಲ. ನಂಬರಿನ ಒಂದು ಭಾಗ ಒಳಗೇ ಬಚ್ಚಿಟ್ಟುಕೊಂಡಿರುತ್ತದೆ. ಆ ಒಳಗಿನ ಸ್ನಾಯುವನ್ನು ಡ್ರಾಪ್ಸ್ ಹಾಕಿ ಸುಮ್ಮನಾಗಿಸಿದರೆ ಮಾತ್ರ ಪೂರ್ತಿ ನಂಬರ್ ಹೊರಗೆ ಬರುತ್ತದೆ. ಸೈಕ್ಲೋಪೆಂಟೊಲೇಟ್ ಅಂತ ಒಂದು, ಅಟ್ರೋಪಿನ್ ಅಂತ ಇನ್ನೊಂದು. ಅಟ್ರೋಪಿನ್ ಹಾಕಿದರೆ ಒಂದೆರಡು ವಾರ ಹತ್ತಿರದ್ದು ಮಸುಕು, ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಸೈಕ್ಲೋಪೆಂಟೊಲೇಟ್ ಆದರೆ ಸಾಮಾನ್ಯವಾಗಿ ಮರುದಿನಕ್ಕೆ ಸರಿಯಾಗುತ್ತದೆ.

ಇನ್ನೊಂದು ಕಡೆ ಡ್ರಾಪ್ಸ್ ಹಾಕಿ ನೋಡಿದಾಗ ನನ್ನ ನಂಬರ್ ಬಲಕ್ಕೆ ಪ್ಲಸ್ 3.5, ಎಡಕ್ಕೆ ಪ್ಲಸ್ 3.25 ಬಂತು. ಮೊದಲಿನವರ ಮಾತು ಕೇಳಿ 2ಕ್ಕೆ ಲೇಸರ್ ಮಾಡಿಸಿದ್ದರೆ ಉಳಿದ ಒಂದೂವರೆ ಒಳಗಿನಿಂದ ಎಳೆಯುತ್ತಲೇ ಇರುತ್ತಿತ್ತು. ದುಡ್ಡೂ ಹೋಗಿ ಕಣ್ಣೂ ಸರಿದೇ ಇರುತ್ತಿತ್ತು.

ಕಾಂಟ್ಯಾಕ್ಟ್ ಲೆನ್ಸಿನ ರಿಹರ್ಸಲ್

ನನ್ನ ಪ್ರಕಾರ ಇದು ಮಾಡದೆ ಯಾರೂ ಮುಂದೆ ಹೋಗಬಾರದು. ಡ್ರಾಪ್ಸ್ ಹಾಕಿ ತೆಗೆದ ಪೂರ್ತಿ ನಂಬರಿನ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಮೂರ್ನಾಲ್ಕು ವಾರ ಓಡಾಡಿ. ಲೆನ್ಸ್ ಕಾರ್ನಿಯಾದ ಮೇಲೇ ಕೂರುತ್ತದೆ, ಲೇಸರ್ ಕೆತ್ತುವುದೂ ಅಲ್ಲೇ. ಹಾಗಾಗಿ ಲೆನ್ಸಿನಲ್ಲಿ ಕಣ್ಣು ಹೇಗಿರುತ್ತದೋ ಲೇಸರ್ ಆದ ಮೇಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕಣ್ಣು ನೆಟ್ಟಗೆ ನಿಂತಿತಾ, ಎರಡು ಕಾಣುತ್ತಾ, ಸಂಜೆ ತಲೆ ನೋಯುತ್ತಾ, ಎಲ್ಲಾ ಬರೆದಿಡಿ. ಹಿಡಿಸಲಿಲ್ಲವಾ, ಲೆನ್ಸ್ ತೆಗೆದು ಎಸೆಯಬಹುದು. ಲೇಸರ್ ಹಾಗಲ್ಲವಲ್ಲ.

ಒಂದೇ ಮಾತು, ನವೆಂಬರಿನಲ್ಲಿ ಈ ರಿಹರ್ಸಲ್ ಬೇಡ. ನಾನು ಮಾಡಿದ್ದು ಆಗಲೇ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಎಲ್ಲೆಲ್ಲೂ ಭತ್ತದ ಕಟಾವು, ರಸ್ತೆ ತುಂಬಾ ಮಿಷಿನ್ನು, ಗಾಳಿಯಲ್ಲಿ ತೌಡಿನಂಥ ಧೂಳು. ಲೆನ್ಸಿನ ಅಡಿಗೆ ಒಂದು ಕಣ ಸಿಕ್ಕಿಕೊಂಡರೆ ಬಸ್ ಸ್ಟ್ಯಾಂಡಿನಲ್ಲೇ ಅಳು ಬರುತ್ತದೆ.

40 ದಾಟಿದವರಿಗೆ ಕೆಲವು ಕಡೆ "ಒಂದು ಕಣ್ಣು ದೂರಕ್ಕೆ, ಒಂದು ಓದುವುದಕ್ಕೆ ಮಾಡಿಕೊಡ್ತೀವಿ" ಅನ್ನುತ್ತಾರೆ. ಮೆಳ್ಳಗಣ್ಣಿನವರು ಇದಕ್ಕೆ ಹೂಂ ಅನ್ನುವ ಮೊದಲು ನೂರು ಸಲ ಯೋಚಿಸಿ. ನಮ್ಮ ಎರಡು ಕಣ್ಣಿನ ಹೊಂದಾಣಿಕೆಯೇ ಅಷ್ಟಕ್ಕಷ್ಟೆ, ಅದನ್ನೂ ಒಡೆದರೆ ಎರಡೆರಡು ಕಾಣಲು ಶುರುವಾಗಬಹುದು. ಮಾಡಿಸುವುದೇ ಆದರೆ ಅದಕ್ಕೂ ಲೆನ್ಸಿನ ರಿಹರ್ಸಲ್ ಮೊದಲು.

ಎಲ್ಲಿಗೆ ಹೋಗುವುದು, ಏನು ಕೇಳುವುದು

ಮೊದಲ ತಪಾಸಣೆಗೆ ದೂರ ಹೋಗಬೇಕಿಲ್ಲ. ನಾವು ಈಗಲೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿ ಮೆಡಿಕಲ್ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು, ಮೂರು ಕಡೆಯೂ ಕಣ್ಣಿನ ವಿಭಾಗ ಇದೆ. ಮುಂದಿನದಕ್ಕೆ ರಾಯಚೂರಿನವರು ಹೈದರಾಬಾದ್ ಕಡೆ ಹೋಗುತ್ತಾರೆ, ಅಲ್ಲಿ 1987ರಲ್ಲಿ ಶುರುವಾದ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಇದೆ. ಕೊಪ್ಪಳ, ಹೊಸಪೇಟೆಯವರು ಹುಬ್ಬಳ್ಳಿ ರೈಲು ಹತ್ತುತ್ತಾರೆ. ಬಳ್ಳಾರಿಯವರು ಬೆಂಗಳೂರಿಗೆ, ಅಲ್ಲಿ ಸರ್ಕಾರದ್ದೇ ಮಿಂಟೋ ಆಸ್ಪತ್ರೆ ಉಂಟು.

ಎಲ್ಲೇ ಹೋಗಿ, ಲೇಸರ್ ವಿಭಾಗಕ್ಕೆ ನೇರ ಹೋಗಬೇಡಿ. ಮೊದಲು ಮೆಳ್ಳಗಣ್ಣು ನೋಡುವ ಡಾಕ್ಟರು. ದೊಡ್ಡ ಆಸ್ಪತ್ರೆಗಳಲ್ಲಿ ಅವರು ಮಕ್ಕಳ ಕಣ್ಣಿನ ವಿಭಾಗದಲ್ಲಿ ಕೂತಿರುತ್ತಾರೆ. ಬೊಂಬೆ, ಕಾರ್ಟೂನ್ ನಡುವೆ ಮೂವತ್ತರ ನೀವು ಕೂತು ಕಾಯಬೇಕು, ನಾಚಿಕೊಳ್ಳಬೇಡಿ. ಚಷ್ಮಾ ಹಾಕಿ, ತೆಗೆದು, ದೂರಕ್ಕೆ, ಹತ್ತಿರಕ್ಕೆ, ನಾಲ್ಕೂ ಥರ ಎಷ್ಟು ಪ್ರಿಸಂ ಅಂತ ಬರೆಸಿಕೊಳ್ಳಿ. ಆ ಚೀಟಿ ಹಿಡಿದು ಲೇಸರ್ ಡಾಕ್ಟರ ಹತ್ತಿರ ಹೋಗಿ ಕೇಳಿ: ನನ್ನ ಡ್ರಾಪ್ಸ್ ನಂಬರ್ ಎಷ್ಟು, ಅದರಲ್ಲಿ ಎಷ್ಟು ತೆಗೆಯುತ್ತೀರಿ, ಕಾರ್ನಿಯಾ ಎಷ್ಟು ದಪ್ಪ ಇದೆ. ಕಾರ್ನಿಯಾದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ. ಅದರಲ್ಲೇ ಕೆತ್ತಬೇಕು. ಕಾರ್ನಿಯಾ ಅಳತೆಗೆ ಹೋಗುವ ಮೊದಲು ಮೆತ್ತನೆ ಲೆನ್ಸ್ ಹಾಕುವವರು ಒಂದೆರಡು ವಾರ ನಿಲ್ಲಿಸಿರಬೇಕು.

ದುಡ್ಡಿನ ವಿಷಯ: ಆರೋಗ್ಯ ವಿಮೆ ನೆಚ್ಚಿಕೊಳ್ಳಬೇಡಿ. ನಮ್ಮಲ್ಲಿ 7.5ಕ್ಕಿಂತ ಕಡಿಮೆ ನಂಬರಿನ ಚಿಕಿತ್ಸೆಯನ್ನು ವಿಮೆಯವರು ಹೊರಗಿಟ್ಟಿರುತ್ತಾರೆ, ಮತ್ತು ಪ್ಲಸ್ ಲೇಸರ್ ಮಾಡುವುದೇ ಅದಕ್ಕಿಂತ ಎಷ್ಟೋ ಕಡಿಮೆ ನಂಬರಿಗೆ. ಪ್ಲಸ್ 4 ದಾಟಿದರೆ ಎಷ್ಟೋ ಡಾಕ್ಟರು ಒಪ್ಪುವುದಿಲ್ಲ.

ಆಪರೇಷನ್, ಆಮೇಲಿನ ದಿನಗಳು

ಆಪರೇಷನ್ ಬಗ್ಗೆ ಹೇಳುವುದಕ್ಕೆ ಜಾಸ್ತಿ ಇಲ್ಲ. ಡ್ರಾಪ್ಸ್ ಹಾಕಿ ಮರಗಟ್ಟಿಸುತ್ತಾರೆ, ಪ್ರಜ್ಞೆ ಇರುತ್ತದೆ, ಲೈಟ್ ನೋಡುತ್ತಾ ಮಲಗಬೇಕು, ಕೂದಲು ಸುಟ್ಟಂಥ ವಾಸನೆ ಬರುತ್ತದೆ. ಮೈನಸ್ ನಂಬರಿಗೆ ಕಾರ್ನಿಯಾದ ನಡುವೆ ಕೆತ್ತಿ ಚಪ್ಪಟೆ ಮಾಡುತ್ತಾರೆ. ನಮ್ಮ ಪ್ಲಸ್ಸಿಗೆ ಸುತ್ತಲೂ ಬಳೆಯ ಹಾಗೆ ಕೆತ್ತುತ್ತಾರೆ. ಜೋಳದ ರೊಟ್ಟಿ ಬಡಿಯುವಾಗ ಅಂಚು ತೆಳ್ಳಗಾಗಿ ನಡುವೆ ಉಬ್ಬು ಉಳಿಯುತ್ತದಲ್ಲ, ಹಾಗೆ. ಈ ಬಳೆ ನಿಧಾನಕ್ಕೆ ಒಂದಷ್ಟು ತುಂಬಿಕೊಳ್ಳುತ್ತದೆ. ಅದಕ್ಕೇ ಪ್ಲಸ್ ಲೇಸರ್ ಮೈನಸ್ಸಿನಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ, ವರ್ಷಗಳು ಹೋದಂತೆ ಸ್ವಲ್ಪ ನಂಬರ್ ವಾಪಸ್ ಬರಬಹುದು. ಆಪರೇಷನ್ ಮಾಡುವ ಮುಂಚೆ ಇದನ್ನು ಯಾರೂ ಹೇಳುವುದಿಲ್ಲ.

ನನಗೆ ಮೊದಲ ಮೂರು ವಾರ ದೂರದ್ದು ಮಂಜು. ಬಸ್ ಬೋರ್ಡು ಗಂಗಾವತಿಯೋ ಗಜೇಂದ್ರಗಡವೋ ಗೊತ್ತಾಗುತ್ತಿರಲಿಲ್ಲ. ಪ್ಲಸ್ಸಿನವರಿಗೆ ಹೀಗಾಗುವುದು ಸಹಜ, ಆಮೇಲೆ ತಿಳಿಯಾಗುತ್ತದೆ ಅಂದರು, ಆಯಿತು. ಕಣ್ಣು ಮಾತ್ರ ಮೊದಲ ದಿನದಿಂದಲೇ ನೆಟ್ಟಗೆ. ಪಟ್ಟಿ ತೆಗೆದ ಮೇಲೆ ಅವ್ವ ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು, ಎಮ್ಮೆ ಕೊಳ್ಳುವವರು ನೋಡಿದ ಹಾಗೆ.

ಈಗ ಎಂಟು ವರ್ಷ. ಪ್ಲಸ್ 0.75 ವಾಪಸ್ ಬಂದಿದೆ. ಲೆಕ್ಕದ ಪುಸ್ತಕ ನೋಡುವಾಗ ಸಣ್ಣ ಚಷ್ಮಾ ಹಾಕುತ್ತೇನೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ತುಂಬಾ ದಣಿದಿದ್ದರೆ ಬಲಗಣ್ಣು ಚೂರು ಒಳಗೆ ಜಾರುತ್ತದೆ ಅಂತ ಗಂಡ ಹೇಳುತ್ತಾನೆ.

ಆಪರೇಷನ್ನಿಗೆ ತಿಂಗಳು ಆರಿಸುವಾಗ ನಮ್ಮ ಸೀಮೆಯ ಪಂಚಾಂಗ ನೋಡಿ. ಏಪ್ರಿಲ್, ಮೇ ಬಿಸಿಲು ಬೇಡ, ಬಳ್ಳಾರಿ ರಾಯಚೂರಿನ ಆ ಒಣಗಾಳಿಗೆ ಒಳ್ಳೆ ಕಣ್ಣೇ ಉರಿಯುತ್ತದೆ, ಕೆತ್ತಿದ ಕಣ್ಣಿನ ಪಾಡು ಕೇಳಬೇಡಿ. ಹೋಳಿಗೆ ಮುಂಚೆ ಬೇಡ. ಬಣ್ಣದ ಪುಡಿ ಕಣ್ಣಿಗೆ ಬಿದ್ದು ಉಜ್ಜಿಕೊಂಡರೆ ಲಾಸಿಕ್ ಅನ್ನುವ ಲೇಸರ್ ವಿಧಾನದಲ್ಲಿ ಕೆತ್ತುವ ಮುಂಚೆ ಎತ್ತಿ ಆಮೇಲೆ ಮುಚ್ಚಿದ ಕಾರ್ನಿಯಾದ ಮೇಲ್ಪದರವೇ ಜರುಗಬಹುದು. ಕೊಪ್ಪಳದವರು ಗವಿಮಠದ ಜಾತ್ರೆ ಮುಗಿಸಿಕೊಂಡು ಹೋಗಿ. ಮೆಣಸಿನಕಾಯಿ ಆರಿಸುವ ಕೆಲಸ, ರೈಸ್ ಮಿಲ್, ಹತ್ತಿ ಜಿನ್ನಿಂಗ್, ಸಂಡೂರು ಕಡೆಯ ಅದಿರಿನ ಲಾರಿ, ಇಂಥ ಕಡೆ ದುಡಿಯುವವರು ಒಂದು ತಿಂಗಳಾದರೂ ರಜೆ ಹಾಕಿಯೇ ಮಾಡಿಸಿ. ಮಿರ್ಚಿ ಕರಿಯುವ ಬಾಣಲೆ ಹತ್ತಿರವೂ ಸ್ವಲ್ಪ ದಿನ ಹೋಗಬೇಡಿ, ತಿನ್ನುವುದಕ್ಕೆ ಅಡ್ಡಿಯಿಲ್ಲ. ಕಾಡಿಗೆ ಬೇಡ. ತಲೆಸ್ನಾನ ಡಾಕ್ಟರು ಹೇಳಿದ ಮೇಲೆ. ತುಂಗಭದ್ರೆ ಕಾಲುವೆಯಲ್ಲಿ ಈಜುವುದನ್ನು ಒಂದು ತಿಂಗಳು ಮರೆತುಬಿಡಿ. ರಾತ್ರಿ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಂಡೇ ಮಲಗಿ. ಕಣ್ಣೀರಿನ ಡ್ರಾಪ್ಸ್ ಕೆಲವು ತಿಂಗಳು ಬೇಕಾಗುತ್ತದೆ, ನಮ್ಮ ಕಡೆ ಇನ್ನೂ ಜಾಸ್ತಿ.

ಸ್ನಾಯುವಿನ ಆಪರೇಷನ್ ಅಂದರೆ ಹೆದರುವವರಿಗೆ

ಕಣ್ಣುಗುಡ್ಡೆ ಕಿತ್ತು ತಟ್ಟೆಯಲ್ಲಿಟ್ಟು ಸರಿ ಮಾಡಿ ಮತ್ತೆ ಕೂರಿಸುತ್ತಾರೆ ಅಂತ ನಮ್ಮ ಕಡೆ ಒಂದು ಕಥೆ ಓಡಾಡುತ್ತದೆ. ಶುದ್ಧ ಸುಳ್ಳು. ಗುಡ್ಡೆ ಅಲ್ಲೇ ಇರುತ್ತದೆ. ಒಂದೊಂದು ಕಣ್ಣಿಗೆ ಆರು ಸ್ನಾಯು ಹೊರಗಿನಿಂದ ಅಂಟಿಕೊಂಡಿವೆ. ಬೇಕಾದ ಸ್ನಾಯುವನ್ನು ಬಿಡಿಸಿ ಕೆಲವು ಮಿಲಿಮೀಟರ್ ಹಿಂದಕ್ಕೆ ಹೊಲಿಯುತ್ತಾರೆ, ಇಲ್ಲವೇ ಚಿಕ್ಕದು ಮಾಡಿ ಬಿಗಿ ಮಾಡುತ್ತಾರೆ. ಬರ್ಲಿನ್ನಿನಲ್ಲಿ ಡೀಫೆನ್‌ಬಾಖ್ ಅನ್ನುವವರು 1839ರಲ್ಲೇ ಸ್ನಾಯು ಕತ್ತರಿಸಿ ಮೆಳ್ಳಗಣ್ಣು ಸರಿ ಮಾಡಿದ್ದರು, ಅಷ್ಟು ಹಳೆಯ ಕೆಲಸ ಇದು. ದೊಡ್ಡವರಿಗೂ ಆಗುತ್ತದೆ. "ವಯಸ್ಸು ಮೀರಿತು" ಅಂತ ಯಾರಾದರೂ ಅಂದರೆ ಇನ್ನೊಬ್ಬರನ್ನು ಕೇಳಿ.

ನಡುವಿನವರು, ಅಂದರೆ ಎರಡೂ ಬೇಕಾದವರು, ಯಾವುದು ಮೊದಲು ಅಂತ ಇಬ್ಬರೂ ಡಾಕ್ಟರು ಮಾತಾಡಿಕೊಂಡು ಹೇಳಲಿ. ಚಷ್ಮಾ ಇಲ್ಲದಾಗಿನ ಪೂರ್ತಿ ಮೆಳ್ಳಗಣ್ಣಿಗೆ ಸ್ನಾಯು ಹೊಲಿದು, ಆಮೇಲೆ ಲೇಸರಿನಿಂದ ನಂಬರನ್ನೂ ತೆಗೆದರೆ ಕಣ್ಣು ಹೊರಗೆ ಹೋಗಿ ಕೂರಬಹುದು. ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರ ಹತ್ತಿರ ಹೋಗಬೇಡಿ.

ಮಕ್ಕಳಿದ್ದರೆ ಇದನ್ನು ಓದಿ

ಹುಟ್ಟಿದ ಮಗುವಿನ ಕಣ್ಣು ಮೊದಲ ಮೂರ್ನಾಲ್ಕು ತಿಂಗಳು ಆಗಾಗ ಅತ್ತಿತ್ತ ಹೋಗುವುದುಂಟು. ಆಮೇಲೂ ಹೋಗುತ್ತಿದ್ದರೆ ತೋರಿಸಿ. ಪ್ಲಸ್ ನಂಬರಿನ ಮೆಳ್ಳಗಣ್ಣು ಹೆಚ್ಚಾಗಿ ಎರಡು ಮೂರು ವರ್ಷಕ್ಕೆ ಕಾಣಿಸಿಕೊಳ್ಳುತ್ತದೆ. ಅದೃಷ್ಟ ಅಂತ ಸುಮ್ನೆ ಕೂತರೆ ಆ ಕಣ್ಣಿನ ದೃಷ್ಟಿಯೇ ಮಂದವಾಗಿ ಉಳಿದುಬಿಡುತ್ತದೆ. ಚಷ್ಮಾ, ಒಳ್ಳೆ ಕಣ್ಣಿಗೆ ಪಟ್ಟಿ, ಇವೆಲ್ಲ ಏಳೆಂಟು ವರ್ಷದೊಳಗೆ ಚೆನ್ನಾಗಿ ಕೆಲಸ ಮಾಡುತ್ತವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ಅಂಗನವಾಡಿ, ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡುತ್ತಾರೆ, ಅವತ್ತು ಮಗುವನ್ನು ತಪ್ಪಿಸಬೇಡಿ.

ಎರಡು ಸಂದರ್ಭದಲ್ಲಿ ಮಾತ್ರ ನಾಳೆ ಅನ್ನಬೇಡಿ. ಫ್ಲ್ಯಾಶ್ ಫೋಟೋದಲ್ಲಿ ಮಗುವಿನ ಪಾಪೆಯ ಒಳಗೆ ಪೂರ್ತಿ ಬಿಳಿ ಹೊಳಪು ಕಂಡರೆ ಅವತ್ತೇ ಕಣ್ಣಿನ ಡಾಕ್ಟರು, ಅದು ಕಣ್ಣೊಳಗಿನ ಗಡ್ಡೆಯೂ ಇರಬಹುದು. ದೊಡ್ಡವರಿಗೆ ಇದ್ದಕ್ಕಿದ್ದಂತೆ ಕಣ್ಣು ಸರಿದು ಎರಡೆರಡು ಕಾಣಲು ಶುರುವಾದರೆ ಅದು ಲೇಸರಿನ ವಿಷಯವೇ ಅಲ್ಲ. ಬಿ.ಪಿ., ಶುಗರ್, ತಲೆಯೊಳಗಿನ ನರ ಏನಾದರೂ ಇರಬಹುದು, ನೇರ ಆಸ್ಪತ್ರೆಗೆ ಹೋಗಿ. ಚಷ್ಮಾ ಅಂಗಡಿಗೆ ಬರಬೇಡಿ.

ಉಳಿದವರು ಬರುವಾಗ ಹಳೆಯ ಚಷ್ಮಾ ಚೀಟಿಗಳು, ಮನೆಯಲ್ಲಿ ಬಿದ್ದಿರುವ ಮುರುಕು ಚಷ್ಮಾಗಳು, ಚಿಕ್ಕಂದಿನ ಫೋಟೋಗಳು, ಇಷ್ಟನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಅದರಲ್ಲೂ ಫೋಟೋ. ಮೆಳ್ಳಗಣ್ಣು ಯಾವಾಗ ಶುರುವಾಯಿತು, ಚಷ್ಮಾ ಹಾಕಿದಾಗ ಹೇಗಿತ್ತು ಅಂತ ಡಾಕ್ಟರಿಗೆ ಅದರಲ್ಲೇ ಅರ್ಧ ಗೊತ್ತಾಗುತ್ತದೆ. ನಾನು ದೇವರ ಜಗಲಿಯ ಕೆಳಗಿನ ಡಬ್ಬಿ ತೆಗೆದು, ಆ ಸ್ಟುಡಿಯೋ ಫೋಟೋವನ್ನೇ ಒಯ್ದಿದ್ದೆ.